ಬಲೂನಿನಿಂದ ಬಂದ ಸರ್ ದನಿ

ದೆವ್ವ-ಗಿವ್ವದ ಕತೆ ಹೇಳುವವರನ್ನು ಅವರದೇ ದನಿಯಲ್ಲಿ ಅಣಕಿಸಿ ನಗಿಸುತ್ತಿದ್ದವನು ನಾನು. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಅಣಕಿಸಿ, ಬೇಜಾರಿಲ್ಲ.

ನಾಸಿಕ್ ಹತ್ತಿರದ ಓಝರ್‌ನಲ್ಲಿ ಬೆಳೆದವನು ನಾನು. ನಮ್ಮಂತೆ ಮನೆಯಲ್ಲಿ ಕನ್ನಡ ಮಾತಾಡುವ ಪಕ್ಕದ ಮನೆಯ ಸವಿತಕ್ಕ ಮತ್ತು ನಾನು ಕಾಲೇಜಿನ ಪುಟ್ಟ ಉಪಗ್ರಹದ ತಂಡದಲ್ಲಿದ್ದೆವು. ರೋಗ ತಗುಲಿದ ಬೆಳೆಯನ್ನು ಮೇಲಿನಿಂದಲೇ ಗುರುತಿಸುವ ಅದರ ಕ್ಯಾಮೆರಾ ಪೂರ್ತಿ ಅಕ್ಕನ ದುಡಿಮೆ. ನನ್ನ ಕೆಲಸ ಸ್ಕ್ರೂ ಬಿಗಿಯುವುದು, ಎಲ್ಲರ ತಲೆ ತಿನ್ನುವುದು. ತಂಡ ನಡೆಸುತ್ತಿದ್ದ ಸರ್, ಕ್ಯಾಮೆರಾ ತಮ್ಮದೆಂದು ಬರೆದುಕೊಂಡು ಆಕೆಯ ಹೆಸರನ್ನೇ ಹೊಡೆದುಹಾಕಿದರು.

"ಬಿಡೋ, ದೊಡ್ಡವರ ಕೂಡ ಜಗಳ ಯಾಕ" ಎಂದ ಸವಿತಕ್ಕ, ಓದು ಬಿಟ್ಟು ಸಿನ್ನರ್‌ನ ಕಾರ್ಖಾನೆ ಸೇರಲು ಹೊರಟಳು. ನಾನು ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ ಸಿಟ್ಟು.

ಉಪಗ್ರಹದ ಪೆಟ್ಟಿಗೆಯನ್ನು ಬಲೂನಿಗೆ ಕಟ್ಟಿ ಹಾರಿಸಿ ಪರೀಕ್ಷಕರಿಗೆ ತೋರಿಸುವುದಿತ್ತು. ಜಾಗ ಆಗಿನ ಔರಂಗಾಬಾದ್, ಈಗಿನ ಸಂಭಾಜಿನಗರದಾಚೆ, ಸಿಲ್ಲೋಡ್ ರಸ್ತೆಯ ಮೆಕ್ಕೆಜೋಳದ ಹೊಲ. ನನ್ನ ಕಾಟಕ್ಕೆ ಸವಿತಕ್ಕನೂ ಬಂದಿದ್ದಳು. ಜೀಪಿನ ಹಿಂದೆ ನಿಂತು, ವಾಕಿಟಾಕಿಯಲ್ಲಿ ಸರ್ ದನಿ ತೆಗೆದು, ಬಲೂನಿನ ಚಿತ್ರ ಹಿಡಿಯುವ ರಿಸೀವರಿನಲ್ಲಿ ಎಲ್ಲರಿಗೂ ಕೇಳುವಂತೆ ಕಳ್ಳತನ ಒಪ್ಪಿಕೊಳ್ಳುವುದು ನನ್ನ ಉಪಾಯ. ಕಡೆಗೆ, ಪರೀಕ್ಷಕರಿಗೆ ತಿಳಿಯುವ ಮರಾಠಿಯಲ್ಲಿ, 'ಮಾಫ್ ಕರಾ' ಎನ್ನಬೇಕೆಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಸರ್ ಬೆಳಗಾವಿಯವರು, ಹುಷಾರು. "ನಿನ್ನ ನಾಟಕ ನನಗ ಗೊತ್ತಿಲ್ಲೇನಲೇ?" ಎಂದು ವಾಕಿಟಾಕಿ ಕಸಿದು, ಬ್ಯಾಟರಿ ಕಿತ್ತು ಜೇಬಿಗಿಳಿಸಿದರು. ಸಿಟ್ಟಿಗೆ ಇಡೀ ವಡಾಪಾವ್ ಬಾಯಿಗೆ ತುರುಕಿಕೊಂಡು ಪರೀಕ್ಷಕರ ಪಕ್ಕ ನಿಂತೆ.

ಆಗಲೇ ಬಲೂನು ಏರಿತು. ಚಿತ್ರಗಳು ಇಳಿಯುವಾಗ ರಿಸೀವರಿನಲ್ಲಿ ಎಂದಿನ ಕೀರಲು ಸದ್ದು. ಅದು ತಟ್ಟನೆ ನಿಂತು ಸರ್ ದನಿ ಬಂತು: "ಹಾ ಕ್ಯಾಮೆರಾ ಮಾಝಾ ನಾಹೀ. ಸವಿತಾಚಾ ಆಹೇ. ಮಾಫ್ ಕರಾ." ಈ ಕ್ಯಾಮೆರಾ ನನ್ನದಲ್ಲ, ಸವಿತಾಳದು, ಕ್ಷಮಿಸಿ.

ಸರ್ ನನ್ನೆದುರೇ ಬಾಯಿ ಮುಚ್ಚಿ ನಿಂತಿದ್ದರು. ಮೇಲಿನ ಪೆಟ್ಟಿಗೆಯಲ್ಲಿ ಮೈಕ್ ಇರಲೇ ಇಲ್ಲ. ಎಲ್ಲರೂ ನನ್ನತ್ತ ತಿರುಗಿದರು. ವಡಾಪಾವ್ ತುಂಬಿ ನನ್ನ ಎರಡೂ ಕೆನ್ನೆ ಉಬ್ಬಿದ್ದವು.

ಬೈಯಲು ಬಾಯಿ ತೆರೆದ ಸರ್‌ಗೆ ದನಿಯೇ ಹೊರಡಲಿಲ್ಲ. ಪರೀಕ್ಷಕರ ಪ್ರಶ್ನೆಗೆಲ್ಲ ಸವಿತಕ್ಕನೇ ಉತ್ತರಿಸಿದಳು, ರೋಗದ ಬೆಳೆ ಕಾಣಲೆಂದು ಕ್ಯಾಮೆರಾದೊಳಗಿನ ಯಾವ ಗಾಜನ್ನು ಯಾಕೆ ತೆಗೆದೆ ಎಂಬುದರ ತನಕ. ಆಕೆಯ ಹೆಸರು ಮರಳಿ ಬಂತು. ಸರ್ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

"ಹೆಂಗ ಮಾಡಿದ್ಯೋ, ಖರೇ ಹೇಳು" ಎಂದು ಬಸ್ಸಿನಲ್ಲಿ ಸವಿತಕ್ಕ ಕೇಳಿದಳು.

"ನಾನಲ್ಲ ಅಕ್ಕಾ."

"ಹೋಗೋ, ಸುಳ್ಳ."

ಸರ್ ದನಿ ಸಂಜೆಗೆ ಮರಳಿತಂತೆ. ಅವತ್ತಿನದನ್ನು ಇನ್ನೊಮ್ಮೆ ಮಾಡಿ ತೋರಿಸು ಎಂದು ಗೆಳೆಯರು ಈಗಲೂ ಕಾಡುತ್ತಾರೆ. ನನಗೆ ಯಾರ ದನಿ ಬೇಕಾದರೂ ಬರುತ್ತದೆ, ಅಪ್ಪನ ಕೆಮ್ಮು ಕೂಡ. ಸರ್ ದನಿಗೆಂದು ಬಾಯಿ ತೆರೆದರೆ ಮಾತ್ರ ಬರೀ ಗಾಳಿ.