ಪೆಟ್ಟು ಬಿದ್ದರೆ ನೋಯುವ ಪೊಲೀಸರು

ಅವನು ಪಿಸ್ತೂಲಿನ ಹಿಡಿಯಿಂದ ನನ್ನ ಮುಖಕ್ಕೆ ಹೊಡೆದಾಗ ಮಧ್ಯಾಹ್ನ ಹನ್ನೆರಡೂವರೆ. ಒಳ್ಳೆಯ ಬಿಸಿಲಿತ್ತು. ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಹೊರಟು, ಮಿಶಿಗನ್‌ನ ಕ್ಯಾಂಟನ್‌ನಲ್ಲಿರುವ ಅಕ್ಕನ ಮನೆಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಗ್ಯಾಸ್, ಅಂದರೆ ಪೆಟ್ರೋಲ್, ಹಾಕಿಕೊಳ್ಳಲು ಶಿಕಾಗೋದ ದಕ್ಷಿಣಕ್ಕೆ ಹೆದ್ದಾರಿಯಿಂದ ಒಂದು ಎಕ್ಸಿಟ್ ತೆಗೆದುಕೊಂಡೆ. ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿ ನಿಂತಿದ್ದಾಗ ಇಬ್ಬರು ಬಂದರು. ಒಬ್ಬ ಕೀ ಕೇಳಿದ. ನಾನು ಕೊಡುತ್ತಿದ್ದೆ. ಕೈ ಚಾಚಿಯೇ ಇತ್ತು. ಆದರೂ ಹೊಡೆದ.

ಆ ಸದ್ದು ಹೊರಗಿನಿಂದ ಬರಲಿಲ್ಲ, ತಲೆಯ ಒಳಗಿನಿಂದ ಬಂತು. ಒಣಗಿದ ಕಡ್ಡಿ ಮುರಿದ ಹಾಗೆ. ನೆಲಕ್ಕೆ ಬಿದ್ದ ಮೇಲೆ ಇನ್ನೊಬ್ಬ ಪಕ್ಕೆಗೆ ಒದ್ದ, ಮೂರು ಸಲವೋ ನಾಲ್ಕು ಸಲವೋ. ಆಮೇಲೆ ನನ್ನ ಕಾರು ಹೊರಟಿತು. ಟ್ಯಾಂಕಿನಿಂದ ಕಿತ್ತುಬಂದ ಪೈಪು ನೆಲದ ಮೇಲೆ ಹೊರಳಿ, ಗ್ಯಾಸ್ ನನ್ನ ಮುಖದ ಪಕ್ಕದಲ್ಲೇ ಸುರಿಯಿತು. ಪ್ಯಾಂಟು ಒದ್ದೆಯಾಗಿತ್ತು. ಅದೂ ಗ್ಯಾಸೇ ಅಂದುಕೊಂಡೆ. ಅಲ್ಲ.

ಮೈಸೂರಿನಲ್ಲಿ ಬೆಳೆದ ನಾನು ಪೊಲೀಸ್ ಸಿನಿಮಾಗಳನ್ನು ನೋಡುತ್ತಲೇ ದೊಡ್ಡವನಾದವನು. ಖಾಕಿ ತೊಟ್ಟ ಹೀರೋ ಒಂದು ಗುದ್ದು ಕೊಟ್ಟರೆ ನಾಲ್ಕು ಜನ ಹಾರಿಬೀಳುತ್ತಿದ್ದರು. ನಾವು ಮುಂದಿನ ಸಾಲಿನಲ್ಲಿ ಕೂತು ಗಂಟಲು ಕಟ್ಟುವವರೆಗೂ ಶಿಳ್ಳೆ ಹೊಡೆಯುತ್ತಿದ್ದೆವು. ಯಾರಾದರೂ ಪಿಸ್ತೂಲು ಹಿಡಿದರೆ ಅವನ ಮಣಿಕಟ್ಟು ಹೇಗೆ ತಿರುಚಬೇಕು ಎಂದು ಮನಸ್ಸಿನಲ್ಲೇ ನೂರಾರು ಸಲ ಅಭ್ಯಾಸ ಮಾಡಿದ್ದೆ. ಆವತ್ತು ನಾನು ಮಾಡಿದ್ದು ಇಷ್ಟೇ: ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಕನ್ನಡದಲ್ಲಿ "ಬೇಡ, ಬೇಡ" ಅಂದೆ.

ಆಸ್ಪತ್ರೆಗೆ ಒಬ್ಬ ಡಿಟೆಕ್ಟಿವ್ ಬಂದ. ವಯಸ್ಸಾದ, ತುಂಬ ದಣಿದ ಮನುಷ್ಯ. ಬರೆಯಲು ಹೊರಟರೆ ಪೆನ್ನು ಬರೆಯಲಿಲ್ಲ. ಅಂಗೈ ಮೇಲೆ ಗೀಚಿ ನೋಡಿ, ನರ್ಸ್ ಹತ್ತಿರ ಪೆನ್ನು ಕೇಳಿ ತಂದ. ಹೊಡೆದವನ ಮುಖ ಹೇಗಿತ್ತು ಅಂತ ಕೇಳಿದ. ನನಗೆ ನೆನಪಿದ್ದದ್ದು ಅವನ ಅಂಗಿತೋಳಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಒಂದು ನೀಲಿ ದಾರ ಮಾತ್ರ. ಡಿಟೆಕ್ಟಿವ್ ಅದನ್ನೂ ಬರೆದುಕೊಂಡ.

ಭಾವ ನಾಲ್ಕು ಗಂಟೆಗೂ ಹೆಚ್ಚು ಡ್ರೈವ್ ಮಾಡಿಕೊಂಡು ಬಂದು ನನ್ನನ್ನು ಕ್ಯಾಂಟನ್‌ಗೆ ಕರೆದುಕೊಂಡು ಹೋದರು. ಅಕ್ಕನ ಗಂಡ ಧಾರವಾಡದವರು. ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು. ಇಪ್ಪತ್ತು ವರ್ಷ ಇಲ್ಲಿದ್ದರೂ ಅವರ ಮಾತು ಮಾತ್ರ ಧಾರವಾಡ ಬಿಟ್ಟು ಕದಲಿಲ್ಲ. ಗುಂಡು ತಿಂದವರು, ಚಾಕುವಿನ ಇರಿತಕ್ಕೆ ಸಿಕ್ಕವರು, ಗಾಜು ಹೊಕ್ಕವರು, ಎಲ್ಲರೂ ಅವರ ಕೈಗೆ ಬರುತ್ತಾರೆ. ನನ್ನ ಹುಬ್ಬಿನ ಹೊಲಿಗೆ ನೋಡಿ, "ಛಲೋ ಹಾಕ್ಯಾರ," ಅಂದರು. ಕೆನ್ನೆಯ ಮೂಳೆ ಬಿರುಕು ಬಿಟ್ಟಿತ್ತು, ಎರಡು ಪಕ್ಕೆಲುಬೂ.

ಶನಿವಾರ ರಜೆ ಸಿಕ್ಕರೆ ಭಾವ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಕೂತು ಬ್ರಿಟಿಷ್ ಪೊಲೀಸ್ ಕಾಮಿಡಿ ನೋಡುತ್ತಿದ್ದರು. ಅಮೆರಿಕದ ಪೊಲೀಸ್ ಸಿನಿಮಾಗಳನ್ನು ಗೇಲಿ ಮಾಡುವಂಥವು. ನಾನು ಹೋದ ಮೊದಲ ಶನಿವಾರ ಕೆಳಗಿನಿಂದ ಗುಂಡಿನ ಸದ್ದು ಕೇಳಿ ಗೋಡೆ ಹಿಡಿದುಕೊಂಡೆ. ಹೇಗೋ ಮೆಟ್ಟಿಲಿಳಿದು ನೋಡಿದೆ. ಪರದೆಯ ಮೇಲೆ ಒಬ್ಬನ ಕಿವಿ ಹರಿದು ನೇತಾಡುತ್ತಿತ್ತು. ಭಾವ ಚೂಡಾ ತಿನ್ನುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭಾವ, ನಿಮಗೆ ಇದು ತಮಾಷೆನಾ?" ಅಂದೆ.

ಅವರು ಟಿವಿ ಆಫ್ ಮಾಡಿದರು. ದಿನವಿಡೀ ರಕ್ತದಲ್ಲಿ ಕೈ ಅದ್ದುವ ಮನುಷ್ಯ ಮನೆಗೆ ಬಂದು ರಕ್ತ ನೋಡಿ ನಗುತ್ತಾನಲ್ಲ ಎಂದು ಅಸಹ್ಯವಾಯಿತು. ಅಕ್ಕನಿಗೂ ಹೇಳಿದೆ. "ಅವರಿಗೆ ಅದೊಂದೇ ಇರೋದು ಕಣೋ, ಬಿಡು," ಅಂದಳು.

ಎರಡು ವಾರ ಕಳೆದಿತ್ತು. ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಸ್ಟೀಲಿನ ಲೋಟ ತೊಳೆಯುತ್ತಿದ್ದೆ. ನೀರಿನ ಸದ್ದಿಗೆ ಹೆಜ್ಜೆ ಕೇಳಿಸಲಿಲ್ಲ. ಕಾಫಿ ಕಪ್ಪು ತೆಗೆದುಕೊಳ್ಳಲು ಬಂದ ಭಾವ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. ತಿರುಗಿದವನೇ ಲೋಟದಿಂದ ಅವರ ಮುಖಕ್ಕೆ ಅಪ್ಪಳಿಸಿದೆ. ಮೂಗಿನಿಂದ ರಕ್ತ ಚಿಮ್ಮಿತು. ಅವರು ಹಿಂದಕ್ಕೆ ವಾಲಿದರು. ನಾನು ಮುಂದೆ ಹೋಗಿ ಇನ್ನೊಂದು ಸಲ ಹೊಡೆದೆ.

ಮೊದಲನೆಯದು ಗಾಬರಿಯಲ್ಲಿ ಬಿದ್ದ ಪೆಟ್ಟು. ಎರಡನೆಯದನ್ನು ಹೊಡೆಯುವಾಗ ಎದುರಿಗಿರುವುದು ಭಾವ ಅಂತ ನನಗೆ ಗೊತ್ತಿತ್ತು. ಅವರ ಕಣ್ಣು, ಕನ್ನಡಕ, ಎಲ್ಲ ಕಾಣುತ್ತಿತ್ತು. ಆ ಒಂದು ಕ್ಷಣ ತೋಳಿಗೆ ಎಂಥ ಸುಖವಾಯಿತೆಂದರೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ಕಿರುಚಿಕೊಂಡು ಓಡಿ ಬಂದಳು. ನನ್ನ ಕೈಯಿಂದ ಲೋಟ ಕಿತ್ತುಕೊಂಡು ಮೂಲೆಗೆ ಎಸೆದಳು. "ನಿನಗೇನು ಹುಚ್ಚು ಹಿಡಿದಿದೆಯಾ?" ಅಂದಳು. ಭಾವ ನೆಲದ ಮೇಲೆ ಕೂತು, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಹೊಳ್ಳೆಗಳನ್ನು ಒತ್ತಿ ಹಿಡಿದುಕೊಂಡಿದ್ದರು. ಬೆರಳ ಸಂದಿಯಿಂದ ರಕ್ತ ಬಿಳಿ ಟೈಲ್ಸ್ ಮೇಲೆ ತೊಟ್ಟಿಕ್ಕುತ್ತಿತ್ತು. "ಒದರಬ್ಯಾಡ. ಮುರದಿಲ್ಲ. ಐಸ್ ತಾ," ಅಂದರು ಅವಳಿಗೆ.

ಅಕ್ಕ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಅನ್ನ ಹಾಕಿ ಮುಂದೆ ತಳ್ಳುತ್ತಿದ್ದಳು, ಅಷ್ಟೇ. ಐದನೆಯ ದಿನ ಶನಿವಾರ. ಊದಿದ ಮೂಗಿನ ಭಾವ ಬೇಸ್‌ಮೆಂಟಿನಿಂದಲೇ ಕೂಗಿದರು. "ಬಾರಪಾ, ಕೂಡು. ಬಂದೂಕು ಬರೂ ಮುಂದ ಹೇಳ್ತೀನಿ, ಕಣ್ಣು ಮುಚ್ಚಿಕೋ."

ಹೋಗಿ ಕೂತೆ. ಕಡಲತೀರದ ಸಣ್ಣ ಊರು, ಇಬ್ಬರು ಕಾನ್‌ಸ್ಟೆಬಲ್‌ಗಳು. ಅದರಲ್ಲೊಬ್ಬ ಅಮೆರಿಕದ ಹೀರೋನಂತೆ ಛಾವಣಿಯಿಂದ ಛಾವಣಿಗೆ ಹಾರಲು ಹೋಗಿ, ತಲುಪದೆ, ಒಗೆದ ಬಟ್ಟೆಯ ತಂತಿಗಳ ಮೇಲೆ ಬಿದ್ದು, ಪ್ರತಿ ತಂತಿಗೂ ಒಂದೊಂದು ಸಲ ನರಳುತ್ತ ನೆಲ ಸೇರಿದ. ಆಮೇಲೆ ಮೀನು ಮಾರ್ಕೆಟ್ಟಿನಲ್ಲಿ ಹೊಡೆದಾಟ. ಕತ್ತಿ, ಕೊಕ್ಕೆ, ಮಂಜುಗಡ್ಡೆ, ರಕ್ತ. ನನ್ನ ಬೆನ್ನು ಬೆವರಿತು. ಅಷ್ಟರಲ್ಲಿ ಆ ಕಾನ್‌ಸ್ಟೆಬಲ್‌ನ ಮೊಣಕಾಲಿನ ಕೆಳಗಿನ ಮೂಳೆ ಮೇಜಿನ ಅಂಚಿಗೆ ಬಡಿಯಿತು. ಅವನು ಕಾಲು ಹಿಡಿದುಕೊಂಡು ಕುಂಟಿದ. ಕತ್ತಿ ಎತ್ತಿದ್ದ ಕಳ್ಳ ಅದನ್ನು ಕೆಳಗಿಳಿಸಿ ಕಾದ. "ಆಯ್ತಾ?" ಎಂದು ಕೇಳಿದ. ಇವನು ಕೈ ತೋರಿಸಿ, ಇನ್ನೊಂದು ನಿಮಿಷ ಅಂದ. ಕಳ್ಳ ಕಾದ. ಮತ್ತೆ ಹೊಡೆದಾಟ ಶುರುವಾಯಿತು.

ನನಗೆ ನಗು ಬಂತು. ನಕ್ಕರೆ ಪಕ್ಕೆಲುಬಿಗೆ ಚೂರಿ ಹಾಕಿದ ಹಾಗೆ ನೋವು. "ಅಯ್ಯೋ" ಅಂದೆ. ಆ "ಅಯ್ಯೋ" ಪರದೆಯ ಮೇಲಿನವನ ನರಳಿಕೆಯಂತೆಯೇ ಇತ್ತು. ಮತ್ತೆ ನಗು, ಮತ್ತೆ ನೋವು. ನಗುತ್ತ ನಗುತ್ತ ಅಳಲು ಶುರುಮಾಡಿದೆ, ನಿಲ್ಲಿಸಲು ಆಗಲಿಲ್ಲ.

ಭಾವ ಸಿನಿಮಾ ನಿಲ್ಲಿಸಿದರು.

"ನಾ ಇವನ್ನ ಯಾಕ ನೋಡ್ತೀನಿ ಗೊತ್ತೇನು?" ಅಂದರು. "ಆ ದೊಡ್ಡ ದೊಡ್ಡ ಸಿನಿಮಾದಾಗ ಗುಂಡು ಬಡದ್ರ ಮನಷ್ಯಾ ಸುಮ್ನ ಬೀಳ್ತಾನ. ಹೀರೋ ಹೊಡಸ್ಕೊಂಡು ತುಟಿ ಒರಸ್ಕೋತಾನ. ಸುಳ್ಳದು. ನನ್ನ ಟೇಬಲ್ ಮ್ಯಾಲೆ ಬರೋರು ಹಂಗ ಬೀಳಂಗಿಲ್ಲ. ಅವ್ವನ್ನ ಕರೀತಾರ. ಒಂದು ಬೂಟು ಎಲ್ಲಿ ಹೋತು ಅಂತ ಕೇಳ್ತಾರ. ಉಚ್ಚಿ ಹೊಯ್ಕೋತಾರ. ಈ ಮಕ್ಕಳು ನಗಸ್ತಾರ ಖರೆ, ಆದ್ರ ಪೆಟ್ಟು ಬಿದ್ರ ನೋಯ್ತದ ಅಂತ ಒಪ್ಪಿಕೋತಾರ."

ಪ್ಯಾಂಟಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅದರ ಹಿಂದೆಯೇ ಇನ್ನೊಂದನ್ನೂ ಹೇಳಿಬಿಟ್ಟೆ. "ಭಾವ, ಎರಡನೇ ಸಲ ಹೊಡೆದಾಗ ನೀವು ಅಂತ ಗೊತ್ತಿತ್ತು."

"ನನಗೂ ಗೊತ್ತಾತು," ಅಂದರು. ಮೂಗು ಮುಟ್ಟಿ ನೋಡಿಕೊಂಡು, "ಸಿಟ್ಟು ಬಂದಿತ್ತು ನನಗ. ಇನ್ನೂ ಸ್ವಲ್ಪ ಅದ. ಸೋಮವಾರ ಒಬ್ಬ ಮನಸ್ಸಿನ ಡಾಕ್ಟರ್ ಕಡೆ ಕಳಸ್ತೀನಿ, ಹೋಗಿ ಮಾತಾಡು," ಅಂದರು.

ಹೋದೆ. ಒಂದು ವರ್ಷ ಹೋದೆ. ಹೊಡೆದವರು ಸಿಗಲೇ ಇಲ್ಲ. ಕಾರು ಸಿಕ್ಕಿತು, ಬಾಗಿಲು ಕಿತ್ತುಹೋಗಿತ್ತು. ನಾನು ರಾಚೆಸ್ಟರ್ ಹಿಲ್ಸ್‌ನಲ್ಲಿ ಕೆಲಸ ಹುಡುಕಿಕೊಂಡು ಅಕ್ಕನ ಹತ್ತಿರಕ್ಕೆ ಬಂದೆ. ಗ್ಯಾಸ್ ಹಾಕುವಾಗ ಈಗಲೂ ಬೆನ್ನನ್ನು ಕಾರಿಗೆ ಆನಿಸಿಕೊಂಡೇ ನಿಲ್ಲುತ್ತೇನೆ. ಖಾಕಿ ಹೀರೋಗಳನ್ನು ನೋಡಲು ಆಗುವುದಿಲ್ಲ. ಪೆಟ್ಟು ತಿಂದು ನರಳುವ ಬ್ರಿಟಿಷ್ ಪೊಲೀಸರನ್ನು ಮಾತ್ರ ನೋಡಬಲ್ಲೆ.

ಅದೂ ಎಲ್ಲ ಸಲ ಅಲ್ಲ. ಹೋದ ಚಳಿಗಾಲ ಭಾವನ ಜೊತೆ ಅಂಥದ್ದೇ ಒಂದು ಸಿನಿಮಾ ನೋಡಲು ಥಿಯೇಟರಿಗೆ ಹೋಗಿದ್ದೆ. ನಡುವೆ ಒಬ್ಬ ಪಿಸ್ತೂಲು ತಿರುಗಿಸಿ ಹಿಡಿದು ಇನ್ನೊಬ್ಬನ ಮುಖಕ್ಕೆ ಹೊಡೆದ. ಇಡೀ ಥಿಯೇಟರ್ ನಕ್ಕಿತು. ನಾನು ಎದ್ದು ಹೊರಗೆ ಬಂದು ಪಾಪ್‌ಕಾರ್ನ್ ಕೌಂಟರ್ ಹತ್ತಿರ ನಿಂತೆ. ಭಾವ ಹಿಂದೆ ಬರಲಿಲ್ಲ. ಬರಬಾರದು ಅಂತ ಅವರಿಗೆ ಗೊತ್ತು. ಹತ್ತು ನಿಮಿಷ ನಿಂತು, ಉಸಿರು ಸರಿಹೋದ ಮೇಲೆ ಒಳಗೆ ಹೋಗಿ ಕೂತೆ.

"ಏನಾಯ್ತು?" ಅಂದೆ.

"ಏನಿಲ್ಲ," ಅಂದರು, ಕಣ್ಣು ಪರದೆಯಿಂದ ಕೀಳದೆ. "ಕಳ್ಳ, ಪೊಲೀಸ ಇನ್ನೂ ಓಡ್ಲಿಕ್ಕತ್ತಾರ. ಇಬ್ಬರಿಗೂ ದಮ್ಮು ಹತ್ತೇದ."