ಹಿಂದಿ ಮೇಡಂ ಮುಗಿಸದ ಎರಡನೇ ಭಾಗ

ಹಿಂದಿ ಮೇಡಂ ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಆ ವಾರ ಒಂದು ಬೊಬ್ಬೆ ಎದ್ದಿತ್ತು. ಸೀಮೆಸುಣ್ಣ ತಾಗಿ ಉರಿಯುತ್ತಿತ್ತೇನೋ, ಬೋರ್ಡಿನ ಮೇಲೆ ಎರಡು ಸಾಲು ಬರೆದು ನಿಲ್ಲಿಸಿ, ಬೆರಳಿಗೆ ಉಫ್ ಎಂದು ಊದಿಕೊಂಡು ಮತ್ತೆ ಬರೆಯುತ್ತಿದ್ದರು. ಗುರುವಾರದ ಹೊತ್ತಿಗೆ ಹಳೇ ಸೀರೆಯ ತುಂಡೊಂದನ್ನು ಅದಕ್ಕೆ ಸುತ್ತಿಕೊಂಡು ಬಂದರು. ಸ್ಟಾಫ್ ರೂಮಿನಲ್ಲಿ ಯಾರೋ ಏನಾಯಿತೆಂದು ಕೇಳಿದರಂತೆ. ಬಿಸಿ ಪಾತ್ರೆ ಮುಟ್ಟಿದೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇವರು, "ವಿಡಿಯೋ ಗೇಮ್ ಆಡಿ ಹೀಗಾಯ್ತು" ಎಂದರು. ಕೇಳಿದವರು ತಮಾಷೆ ಎಂದುಕೊಂಡು ನಕ್ಕರು. ಶನಿವಾರ ಅವರಲ್ಲಿ ಒಬ್ಬರೂ ನಗಲಿಲ್ಲ.

ಪಾಂಡವಪುರದ ಖಾಸಗಿ ಹೈಸ್ಕೂಲೊಂದರಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅದು. ತೊಂಬತ್ತರ ದಶಕದ ನಡುವಿನ ಮಾತು. ಮೇಡಂ ದಿನಾ ಶ್ರೀರಂಗಪಟ್ಟಣದ ಗಂಜಾಂನಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಂದೆ ತಾಯಿ ಇರಲಿಲ್ಲ. ದೇವಸ್ಥಾನದ ಕೆಲಸದಲ್ಲಿದ್ದ ಅಣ್ಣನ ಮನೆಯಲ್ಲಿ ಇದ್ದರು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಕಪ್ಪು ಛತ್ರಿ. ಆ ಛತ್ರಿಯನ್ನು ಬಿಡಿಸಿದ್ದನ್ನು ನಾನು ನೋಡಿಲ್ಲ, ಬಸ್ಸಿನಲ್ಲಿ ಮೈಮೇಲೆ ಬೀಳುವ ಗಂಡಸರನ್ನು ದೂರ ಇಡಲು ಅದು ಬೇಕಾಗುತ್ತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹಿಂದಿ ಎಂದರೆ ನಮ್ಮ ಶಾಲೆಯಲ್ಲಿ ಯಾರೂ ಲೆಕ್ಕಕ್ಕಿಡದ ವಿಷಯ. ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿದಿಲ್ಲವೆಂದರೆ ಹಿಂದಿ ಪೀರಿಯಡ್ಡನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದರು. ಮೇಡಂ ವರ್ಷಗಳಿಂದ ಟೆಂಪರರಿ. ಆ ವರ್ಷ ಖಾಯಂ ಮಾಡುವುದಾಗಿ ಆಡಳಿತ ಮಂಡಳಿ ಮಾತು ಕೊಟ್ಟಿತ್ತು. ನಮ್ಮೆದುರಿಗೇ ಒಮ್ಮೆ, "ಖಾಯಂ ಆದ್ಮೇಲೆ ಇಲ್ಲೇ ಒಂದು ಪುಟ್ಟ ಮನೆ ಮಾಡ್ತೀನಿ ಕಣ್ರೋ. ನನ್ನದೇ ಬಾಗಿಲು, ನನ್ನದೇ ಬೀಗ" ಎಂದಿದ್ದರು. ಬೀಗ ಎಂಬ ಮಾತನ್ನು ಅಷ್ಟು ಸಂತೋಷದಿಂದ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಶನಿವಾರದ ಕೊನೆಯ ಪೀರಿಯಡ್ ಚರ್ಚೆಗೆ ಮೀಸಲು. ಕನ್ನಡ ಮೇಷ್ಟ್ರಿಗೆ ಶನಿವಾರ ಬೇಗ ಊರು ಸೇರುವ ಆತುರ, ಹಾಗಾಗಿ ಅದು ಮೇಡಂ ತಲೆಗೆ ಬಂದಿತ್ತು. ಹಳ್ಳಿ ಮೇಲೋ ಪಟ್ಟಣ ಮೇಲೋ, ವಿಜ್ಞಾನ ವರವೋ ಶಾಪವೋ ಎಂಬಂಥ ವಿಷಯಗಳು. ಆದರೆ ಅವರದೊಂದು ನಿಯಮವಿತ್ತು. ನಿಮಗೆ ಯಾವುದು ಸರಿಯೆನ್ನಿಸುತ್ತದೋ ಅದರ ವಿರುದ್ಧ ಮಾತಾಡಬೇಕು. "ನಂಬಿದ್ದನ್ನ ಯಾರು ಬೇಕಾದ್ರೂ ಕೂಗ್ತಾರೆ. ಎದುರಿನವನ ಮಾತನ್ನ ನೀನೇ ಒಂದ್ಸಲ ಆಡಿ ನೋಡು, ಆಮೇಲೆ ಬೈಯುವಂತೆ" ಎನ್ನುತ್ತಿದ್ದರು. ಇಂದು ನಾನು ಶ್ರೀರಂಗಪಟ್ಟಣದಲ್ಲಿ ವಕೀಲಿಕೆ ಮಾಡಿ ಅನ್ನ ತಿನ್ನುತ್ತಿದ್ದೇನೆ. ಕಾನೂನು ಕಾಲೇಜು ನನಗೆ ಇದಕ್ಕಿಂತ ಹೆಚ್ಚಿನದೇನನ್ನೂ ಕಲಿಸಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ, ನಮ್ಮ ಶಾಲೆಯ ಕಾರ್ಯದರ್ಶಿಗಳು ಕಟ್ಟಿಸಿದ ಮಳಿಗೆಗಳ ಸಾಲಿನ ತುದಿಯಲ್ಲಿ, ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಎರಡು ಟೀವಿ, ನಾಲ್ಕು ಸ್ಟೂಲು, ಬಾಗಿಲಿಗೊಂದು ಹಸಿರು ಪರದೆ. ಕ್ಯಾಸೆಟ್ಟಿನ ಬಾಯಿಗೆ ಊದಿ ಊದಿ ಹಾಕಿದರೆ ಆಟ ಮೂಡುತ್ತಿತ್ತು. ಕೈಯಲ್ಲಿ ಹಿಡಿಯುವ ಗುಂಡಿಗಳ ಪೆಟ್ಟಿಗೆಗೆ ನಾವು ರಿಮೋಟು ಎನ್ನುತ್ತಿದ್ದೆವು. ಅಲ್ಲಿದ್ದ ಎಲ್ಲ ಆಟಗಳಿಗೂ ರಾಜನಂಥದ್ದು ಒಂದಿತ್ತು, ನಾವದನ್ನು 'ಕೋಟೆ' ಎಂದು ಕರೆಯುತ್ತಿದ್ದೆವು. ಮಾಂತ್ರಿಕನೊಬ್ಬ ಕೋಟೆಯಲ್ಲಿ ಕೂಡಿಹಾಕಿದ ತಂಗಿಯನ್ನು ಅಣ್ಣನೊಬ್ಬ ಕತ್ತಿ ಹಿಡಿದು ಹೋಗಿ ಬಿಡಿಸಿ ತರುವ ಆಟ. ಸತ್ತರೆ ಮತ್ತೆ ಮೊದಲಿನಿಂದ ಶುರು. ಅದನ್ನು ಮುಗಿಸಿದವರನ್ನು ಊರಲ್ಲಿ ಬೆರಳು ಮಾಡಿ ತೋರಿಸುತ್ತಿದ್ದರು.

ವರ್ಷವಿಡೀ ಕಾದ ಮೇಲೆ ಅದರ ಎರಡನೇ ಭಾಗ ಬಂತು. ಬಂದ ದಿನವೇ ಅರ್ಧ ಹುಡುಗರ ಮುಖ ಬಾಡಿತು. ಈ ಸಲ ಸಿಕ್ಕಿಬಿದ್ದವನು ಅಣ್ಣ, ಬಿಡಿಸಲು ಹೊರಟವಳು ತಂಗಿ. ಅವಳ ಕೈಯಲ್ಲಿ ಕತ್ತಿಯಿಲ್ಲ, ಒಂದು ದೀಪ, ಒಂದು ಹಗ್ಗ. ಸತ್ತರೆ ಸತ್ತ ಜಾಗದಿಂದಲೇ ಎದ್ದು ಮುಂದೆ ಹೋಗಬಹುದು. ನನಗೆ ಬಣ್ಣ, ಕಾಡು, ನದಿ ಎಲ್ಲ ಹಿಡಿಸಿತ್ತು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ ಕುಳ್ಳನಿಗೆ ಅದು ಮೋಸವೆನಿಸಿತ್ತು. ಮಾತಿಗೆ ಮಾತು ಬೆಳೆದು, ಶಾಲೆಯ ಜಗುಲಿಯಲ್ಲಿ ಅವನು ನನ್ನ ಅಂಗಿಯ ಜೇಬು ಕಿತ್ತುಬಿಟ್ಟ. ಆಗಲೇ ಮೇಡಂ ಬಂದರು.

"ಯಾಕ್ರೋ ಹೊಡೆದಾಡ್ತಿದ್ದೀರಿ?"

"ಎರಡ್ನೇ ಪಾರ್ಟು ಚೆಂದಾಗದೆ ಅಂತಾನೆ ಮೇಡಂ ಇವ್ನು. ಅದ್ರಲ್ಲೇನದೆ ಮಣ್ಣು!" ಎಂದ ಕುಳ್ಳ.

ಯಾವುದರ ಎರಡನೇ ಪಾರ್ಟು ಎಂದು ವಿಚಾರಿಸಿದರು. ಪೂರ್ತಿ ಕೇಳಿಸಿಕೊಂಡರು. ಬೆತ್ತಕ್ಕೆ ಕೈ ಹಾಕಬಹುದೆಂದು ನಾವು ಅಂಗೈ ಒರೆಸಿಕೊಳ್ಳುತ್ತಿದ್ದರೆ, ಅವರು ಕ್ಲಾಸಿಗೆ ಹೋಗಿ ಶನಿವಾರದ ವಿಷಯವನ್ನು ಬೋರ್ಡಿನ ಮೂಲೆಯಲ್ಲಿ ಬರೆದರು: 'ಎರಡನೇ ಭಾಗ ಮೊದಲನೆಯದರ ಮಟ್ಟಕ್ಕೆ ಬಂದಿದೆಯೇ?' ನಿಯಮದ ಪ್ರಕಾರ ನಾನು ಬಂದಿಲ್ಲವೆನ್ನಬೇಕು, ಕುಳ್ಳ ಬಂದಿದೆ ಎನ್ನಬೇಕು.

ಆ ಶನಿವಾರದಂಥ ಚರ್ಚೆ ಆ ಶಾಲೆಯಲ್ಲಿ ಹಿಂದೆ ನಡೆದಿರಲಿಲ್ಲ. ಸತ್ತ ಜಾಗದಿಂದಲೇ ಏಳುವುದಾದರೆ ಸಾವಿಗೆ ಹೆದರುವವರು ಯಾರು, ಹೆದರಿಕೆಯಿಲ್ಲದ ಕೋಟೆ ಕೋಟೆಯೇ ಅಲ್ಲ ಎಂದು ನಾನು ಪುಸ್ತಕದ ಕನ್ನಡದಲ್ಲಿ ಗುಡುಗಿದೆ. ಕುಳ್ಳನಿಗೆ ಪುಸ್ತಕದ ಭಾಷೆ ಬರುತ್ತಿರಲಿಲ್ಲ. "ಮೊದಲ್ನೇದ್ರಲ್ಲಿ ಕೈಲಿ ಕತ್ತಿ ಇತ್ತು, ಯಾರ್ ಬೇಕಾದ್ರೂ ಕಡ್ಕಂಡು ಓಯ್ತಿದ್ರು. ಇಲ್ಲಿ ಆ ಎಣ್ಮಗಳ ತಾವ ಏನೂ ಇಲ್ಲ. ಬರೀ ಕೈಲಿ ಅಷ್ಟು ದೂರ ಓಯ್ತಾಳಲ್ಲ, ತಾಕತ್ತು ಯಾರ್ದು ಯೋಳಿ ಮತ್ತೆ?" ಎಂದ. ಕ್ಲಾಸು ಗಲ್ಲೆಂದಿತು. ಹೇಳಿ ಮುಗಿಸಿದವನು ತಾನೇ ಗಾಬರಿಯಾಗಿ ಕೂತ. ತಾನು ಹೇಳಿದ್ದು ನಿಜವಿರಬಹುದು ಎಂಬ ಅನುಮಾನ ಅವನಿಗೇ ಬಂದಿತ್ತು.

ಕೊನೆಗೆ ತೀರ್ಪು ಹೇಳಬೇಕಾದವರು ಮೇಡಂ. ಎದ್ದು ನಿಂತು, "ನಾನು ಈ ಆಟ ನೋಡೇ ಇಲ್ಲ. ನೋಡದೆ ಯಾರನ್ನ ಗೆಲ್ಲಿಸಲಿ? ತೀರ್ಪು ಮುಂದಿನ ಶನಿವಾರ" ಎಂದರು. ನಾವು ನಕ್ಕೆವು.

ಸೋಮವಾರ ಶಾಲೆ ಬಿಟ್ಟ ಮೇಲೆ ನನ್ನನ್ನೂ ಕುಳ್ಳನನ್ನೂ ಕರೆದು ಅಂಗಡಿ ತೋರಿಸಲು ಹೇಳಿದರು. ಹಸಿರು ಪರದೆ ಸರಿಸಿ ಛತ್ರಿ, ಟಿಫನ್ ಬಾಕ್ಸು ಸಮೇತ ಒಳಗೆ ಬಂದರು. ಇದ್ದ ಹುಡುಗರೆಲ್ಲ ಹಿಂದಿನ ಬಾಗಿಲಿನಿಂದ ಪರಾರಿ. ಅಂಗಡಿಯವನು ಎರಡನೇ ಭಾಗದ ಕ್ಯಾಸೆಟ್ ಹಾಕಲು ಹೋದರೆ ತಡೆದರು. "ಮೊದಲನೇದು ಆಡದೆ ಎರಡನೇದರ ಬಗ್ಗೆ ಏನು ಹೇಳೋದು? ಅದನ್ನೇ ಹಾಕಪ್ಪ."

ರಿಮೋಟನ್ನು ಮೊದಲ ದಿನ ಬಿಸಿ ತಟ್ಟೆಯ ಹಾಗೆ ತುದಿಬೆರಳಲ್ಲಿ ಹಿಡಿದಿದ್ದರು. ಬಸ್ಸಿನ ಹೊತ್ತಾಗುವವರೆಗೆ ಸಾಯುವುದೇ ಕೆಲಸವಾಯಿತು. ನಾವು ಸತ್ತರೆ ಗುಂಡಿ ಸರಿಯಿಲ್ಲ, ಟೀವಿ ಸರಿಯಿಲ್ಲ ಎನ್ನುತ್ತಿದ್ದೆವು. ಅವರು, "ಅಯ್ಯೋ, ನಂದೇ ತಪ್ಪು" ಎಂದು ಮತ್ತೆ ಶುರು ಮಾಡುತ್ತಿದ್ದರು. ಮೊದಲನೇ ಭಾಗವನ್ನು ಅರ್ಧಕ್ಕಿಂತ ಮುಂದೆ ದಾಟಲಾಗದೆ, ಉಳಿದದ್ದನ್ನು ಕುಳ್ಳನ ಕೈಲಿ ಆಡಿಸಿ ಕೊನೆಯವರೆಗೂ ಕಣ್ಣು ಕೀಲಿಸಿ ನೋಡಿದರು. ಆಮೇಲೆ ಎರಡನೆಯದು. ಅದನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ದೀಪ ಹಿಡಿದ ಹುಡುಗಿ ಹಳ್ಳಕ್ಕೆ ಬಿದ್ದರೆ, "ಏಳು ತಾಯಿ, ಇನ್ನೊಂದ್ಸಲ" ಎನ್ನುತ್ತಿದ್ದರು. ಬೊಬ್ಬೆ ಎದ್ದದ್ದು ಆಗಲೇ. ಅವರ ಮುಖದಲ್ಲಿ ಅಂಥ ಹಟ, ಅಂಥ ಸಂತೋಷ ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

ಶುಕ್ರವಾರ ಸಂಜೆ ನದಿಯ ಅಡಿಯ ಸುರಂಗ ಮುಟ್ಟಿದರು. ಪಾಂಡವಪುರದಲ್ಲಿ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಪರದೆಯಾಚೆ ಹುಡುಗರು ಉಸಿರು ಬಿಗಿಹಿಡಿದು ನಿಂತಿದ್ದರು. ಸುರಂಗದ ಕೊನೆಗೆ ಬೆಳಕು ಕಂಡಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ಸತ್ತರೆ ಆ ಆಟ ಅಲ್ಲಿಂದಲೇ ಏಳುತ್ತಿತ್ತು. ಕರೆಂಟ್ ಹೋದರೆ ಮಾತ್ರ ಎಲ್ಲ ಅಳಿಸಿಹೋಗುತ್ತಿತ್ತು. ಮೇಡಂ ಕತ್ತಲಲ್ಲೇ ಗಟ್ಟಿಯಾಗಿ ನಕ್ಕು, "ನಾಳೆ ಇನ್ನೊಂದು ವಾರ ವಾಯಿದೆ ಕೇಳ್ಕೋತೀನಿ ಕಣ್ರೋ. ಕೊನೇ ನೋಡದೆ ಹೇಳೋಕಾಗಲ್ಲ" ಎಂದು ಛತ್ರಿ ಹುಡುಕಿಕೊಂಡು ಹೊರಟರು.

ವಾಯಿದೆ ಸಿಗಲಿಲ್ಲ. ಊರಿಗೆ ಅಷ್ಟರಲ್ಲಿ ಸುದ್ದಿ ತಲುಪಿತ್ತು. ಮದುವೆಯಿಲ್ಲದ ಮೇಡಂ, ಪರದೆ ಹಾಕಿದ ಅಂಗಡಿ, ಹುಡುಗರು. ಇಷ್ಟು ಸಿಕ್ಕರೆ ಉಳಿದದ್ದನ್ನು ಜನ ತಾವೇ ಸೇರಿಸಿಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೊಠಡಿಗೆ ಮೇಡಂ ಅವರನ್ನೂ ನಮ್ಮಿಬ್ಬರನ್ನೂ ಕರೆಸಿದರು. ಕುರ್ಚಿಯಲ್ಲಿ ಕಾರ್ಯದರ್ಶಿಗಳು ಕೂತಿದ್ದರು. ಹೆಡ್‌ಮಾಸ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಅಲ್ಲಾ ಮೇಡಮ್ಮಾರೇ, ಎಣ್ಮಗಳಾಗಿ ಪಡ್ಡೆ ಐಕ್ಳ ಜೊತೆ ಕುಂತ್ಕಂಡು ಆಟ ಆಡದಾ? ಊರ್ನೋರ್ಗೆ ನಾನೇನ್ ಯೋಳ್ಲಿ?" ಎಂದು ಕಾರ್ಯದರ್ಶಿಗಳು ಶುರು ಮಾಡಿ, ಆಮೇಲೆ ದನಿಯಲ್ಲಿ ಬೆಣ್ಣೆ ಸವರಿಕೊಂಡರು. "ಓಗ್ಲಿ ಬುಡಿ, ಒಂದ್ ಮಾತು ಬರ್ಕೊಟ್ಬುಡಿ. ಐಕ್ಳು ಇಸ್ಕೂಲು ತಪ್ಪಿಸಿ ಅಲ್ಲಿ ಸೇರ್ಕಂಡಿದ್ರು, ಇಡ್ಕಂಡು ಬರಕ್ಕೆ ಓಗಿದ್ದೆ ಅಂತ. ಇವೆರಡಕ್ಕೂ ಟೀಸಿ ಕೊಟ್ಟು ಓಡಿಸ್ಬುಡವ. ನಿಮ್ ಖಾಯಂ ಕಾಗ್ದ ಸೋಮ್ವಾರನೇ ಓಯ್ತದೆ."

ಹತ್ತನೇ ತರಗತಿಯ ನಡುವೆ ಟೀಸಿ ಕೊಟ್ಟರೆ ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುತ್ತಿರಲಿಲ್ಲ. "ಸಾರ್, ಮೇಡಂ ತೀರ್ಪು ಯೋಳಕ್ಕೆ ಅಂತ ಬಂದಿದ್ರು ಸಾರ್" ಎಂದೆ. "ನೀ ಸುಮ್ಕಿರ್ಲಾ" ಎಂದರು. ಆಗ ಕುಳ್ಳ ಬಾಯಿಬಿಟ್ಟ.

"ಅಂಗ್ಡಿ ನಿಮ್ದೇ ಅಲ್ವಾ ಸಾರ್?"

ಕೆನ್ನೆಗೆ ಬಿದ್ದ ಏಟಿನ ಸದ್ದು ಜಗುಲಿಯವರೆಗೂ ಕೇಳಿಸಿತಂತೆ. "ಬಾಡಿಗೆಗೆ ಕೊಟ್ಟಿವ್ನಿ ಕಣ್ಲಾ, ಆಡಕ್ಕೆ ಓಗಿದ್ನಾ?" ಎಂದರು ಕಾರ್ಯದರ್ಶಿಗಳು.

ಮೇಡಂ ಎದ್ದು ಬಂದು ಕುಳ್ಳನಿಗೂ ಅವರಿಗೂ ನಡುವೆ ನಿಂತರು. ಬೆರಳಿನ ಬಟ್ಟೆ ಬಿಚ್ಚಿಹೋಗಿತ್ತು. "ಈ ಮಕ್ಕಳು ಶಾಲೆ ತಪ್ಪಿಸಿಲ್ಲ. ಶಾಲೆ ಬಿಟ್ಟ ಮೇಲೆ ನಾನೇ ಕರ್ಕೊಂಡು ಹೋದೆ. ನಾನು ಹೋಗಿದ್ದು ಹಿಡಿಯೋಕಲ್ಲ, ಆಡೋಕೆ. ಬೇಕಾದ್ರೆ ಇದನ್ನ ಬರ್ಕೊಡ್ತೀನಿ" ಎಂದರು. ದನಿ ಏರಲಿಲ್ಲ. ಅಳಲೂ ಇಲ್ಲ.

ಟೆಂಪರರಿಯವರನ್ನು ತೆಗೆಯಲು ಕಾಗದದ ಗೋಜೂ ಇಲ್ಲ. ಸೋಮವಾರದಿಂದ ಬರುವುದು ಬೇಡ ಎಂದರು, ಅಷ್ಟೆ. ಸ್ಟಾಫ್ ರೂಮಿನಿಂದ ಟಿಫನ್ ಬಾಕ್ಸು ತೆಗೆದುಕೊಂಡು ಅವರು ಗೇಟು ದಾಟಿದಾಗ ಒಬ್ಬ ಮೇಷ್ಟ್ರೂ ತಲೆಯೆತ್ತಲಿಲ್ಲ. ಗಣಿತದ ಮೇಷ್ಟ್ರು ಅಂದೇ ಹಿಂದಿ ಪೀರಿಯಡ್ಡಿಗೆ ಬಂದು ಲೆಕ್ಕ ಹಾಕಿಸಿದರು. ನಾನೂ ಕುಳ್ಳನೂ ಆ ಶಾಲೆಯಲ್ಲೇ ಪರೀಕ್ಷೆ ಬರೆದು ಪಾಸಾದೆವು. ವಿಡಿಯೋ ಗೇಮ್ ಅಂಗಡಿಗೆ ಏನೂ ಆಗಲಿಲ್ಲ, ಪರದೆ ಹೊಸದಾಯಿತು. ಮರುವರ್ಷ ಅದೇ ಕಾರ್ಯದರ್ಶಿಗಳು ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಉದ್ಘಾಟಿಸಿ, ಮಕ್ಕಳು ಕಾಲಕ್ಕೆ ತಕ್ಕಂತೆ ಕಲಿಯಬೇಕೆಂದು ಭಾಷಣ ಬಿಗಿದರಂತೆ. ನಮ್ಮ ತರಗತಿಯ ಗ್ರೂಪ್ ಫೋಟೋ ಈಗಲೂ ನನ್ನ ಬಳಿ ಇದೆ. ಅದರ ನಟ್ಟನಡುವೆ ಹಾರ ಹಾಕಿಕೊಂಡು ಕೂತವರು ಅವರೇ. ಮೇಡಂ ಅದರಲ್ಲಿಲ್ಲ.

ಮಾತು ಗಂಜಾಂವರೆಗೂ ಹರಿದಿತ್ತು. ಬೇರೆ ಯಾವ ಶಾಲೆಯೂ ಅವರನ್ನು ತೆಗೆದುಕೊಳ್ಳಲಿಲ್ಲ. ಕೆ.ಆರ್. ಪೇಟೆಯವರೆಗೂ ಹೋಗಿ ಕೇಳಿ ಬಂದರಂತೆ. ಕೊನೆಗೆ ಅಣ್ಣನ ಮನೆಯ ಜಗುಲಿಯಲ್ಲೇ ನಾಲ್ಕು ಮಕ್ಕಳಿಗೆ ಹಿಂದಿ ಪಾಠ ಶುರು ಮಾಡಿದರು.

ಮೈಸೂರಿನಲ್ಲಿ ಓದುವಾಗ ಅಲ್ಲಿನ ಅಂಗಡಿಯೊಂದರಲ್ಲಿ ಆ ಎರಡನೇ ಭಾಗವನ್ನು ನಾನು ಮುಗಿಸಿದೆ. ಮೊದಲು ನೆನಪಾದದ್ದು ಮೇಡಂ. ಮುಂದಿನ ರಜೆಗೇ ಗಂಜಾಂಗೆ ಹೋದೆ. ಕೂದಲು ನೆರೆಯತೊಡಗಿತ್ತು. ಛತ್ರಿ ಮೂಲೆಯಲ್ಲಿತ್ತು. ನನ್ನನ್ನು ಕಂಡು ಎದ್ದು ನಿಂತರು, ಮಕ್ಕಳಿಗೆ, "ನೋಡ್ರೋ, ಲಾಯರ್ ಆಗೋನು" ಎಂದು ತೋರಿಸಿದರು. ಕಾಫಿ ಕುಡಿದು ಮುಗಿಸುವ ಮೊದಲೇ ನಾನು ಹೇಳಿದೆ, "ಮೇಡಂ, ಆ ಆಟ ಮುಗಿಸ್ದೆ. ಸುರಂಗ ಆದ್ಮೇಲೆ ಏನಾಯ್ತದೆ ಗೊತ್ತಾ?"

ಬೊಬ್ಬೆ ಎದ್ದಿದ್ದ ಅದೇ ಕೈಯನ್ನು ಅಡ್ಡ ಹಿಡಿದರು. "ಹೇಳ್ಬೇಡ ಕಣೋ. ನಾನೇ ಆಡಿ ನೋಡ್ತೀನಿ."

ಸೆಟ್ಟು, ಕ್ಯಾಸೆಟ್ಟು ನಾನೇ ತಂದುಕೊಡುತ್ತೇನೆ ಎಂದೆ. ಒಳಗೆ ಅತ್ತಿಗೆ ಪಾತ್ರೆ ಕುಕ್ಕಿದ ಸದ್ದಾಯಿತು. ಮೇಡಂ ದನಿ ತಗ್ಗಿಸಿ, "ಇಲ್ಲಿ ಟೀವಿ ಮುಂದೆ ನಂಗೆಲ್ಲಿ ಜಾಗ? ನನ್ನದೇ ಒಂದು ಮನೆ ಅಂತ ಆಗ್ಲಿ, ಆಗ ತಾ" ಎಂದರು. ತೀರ್ಪು ಇನ್ನೂ ಬಾಕಿ ಇದೆ ಎಂಬುದನ್ನೂ ನೆನಪಿಸಿದರು.

ಆ ಮನೆ ಆಗಲಿಲ್ಲ. ದಶಕ ಮುಗಿಯುವ ಮೊದಲೇ, ಮಳೆಗಾಲದಲ್ಲಿ, ಜ್ವರವೆಂದು ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾನೂ ಕುಳ್ಳನೂ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕುಳ್ಳ ಹೊಳೆಯ ಕಡೆ ಮುಖ ಮಾಡಿ, "ನಮಗೇ ಟೀಸಿ ಕೊಡ್ಲಿ ಅಂತ ಬುಟ್ಬುಟ್ಟಿದ್ರೆ ಬದುಕ್ತಿದ್ರು ಕಣ್ಲಾ" ಎಂದು ಬಿಕ್ಕಿದ. ಅದಕ್ಕೊಂದು ಎದುರು ವಾದವನ್ನು ನಾನು ಇಂದಿಗೂ ಹುಡುಕುತ್ತಿದ್ದೇನೆ.

ಆಟದ ಕೊನೆ ಹೀಗಿದೆ. ಸುರಂಗ ದಾಟಿ ಹುಡುಗಿ ಕೋಟೆಯ ಬಾಗಿಲು ತೆರೆಯುತ್ತಾಳೆ. ಅಣ್ಣ ಹೊರಗೆ ಬರುತ್ತಾನೆ. ಊರೆಲ್ಲ ಸೇರಿ ಅವನನ್ನು ಕುದುರೆಯ ಮೇಲೆ ಕೂರಿಸಿ ಹೂ ಚೆಲ್ಲುತ್ತದೆ. ಬಾಗಿಲು ತೆರೆದವಳು ಆ ಕೊನೆಯ ಚಿತ್ರದಲ್ಲಿ ಎಲ್ಲೂ ಇಲ್ಲ. ಟೀವಿಗೆ ಮುಖ ಒತ್ತಿ ಹುಡುಕಿದ್ದೆ. ಮೇಡಂ ಅದನ್ನು ನೋಡದೆ ಹೋದದ್ದೇ ಒಳ್ಳೆಯದಾಯಿತು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ಆ ಕೊನೆ ಸರಿಯೋ ತಪ್ಪೋ ಎಂದು ಹೇಳಬೇಕಾದವರು ಅವರೇ ಆಗಿದ್ದರು.