ಆಕಾಶದ ಫ್ಯಾನು ಮತ್ತು ಅಕ್ಕನ ನಿದ್ದೆ

ಶಬ್ದವೇ ಬ್ರಹ್ಮ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದವರ ಮನೆಯ ಹೆಂಚಿನ ಮೇಲಿಂದ ದಿನಾ ಮಧ್ಯಾಹ್ನ ಎರಡೂವರೆಗೆ ಹೆಲಿಕಾಪ್ಟರ್ ಹೋಗುತ್ತಿರಲಿಲ್ಲ, ಅಷ್ಟೇ.

ನಿನ್ನೆ ಕೆಟ್ಟ ಫ್ಯಾನೊಂದನ್ನು ಹೊತ್ತುಕೊಂಡು ಕುದ್ರೋಳಿಯ ಅಂಗಡಿಯೊಂದರ ಮೆಟ್ಟಿಲು ಹತ್ತಿದಾಗ, ತಾಮ್ರದ ಸುರುಳಿಗೆ ಹಚ್ಚುವ ವಾರ್ನಿಷಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಮಟ್ಟಿಗೆ ಆ ವಾಸನೆ ಒಬ್ಬ ಮನುಷ್ಯನದು. ವಾಮಂಜೂರಿನಲ್ಲಿ ನಮ್ಮ ಆಚೆಮನೆಯಲ್ಲಿದ್ದ, ಮೋಟಾರಿಗೆ ತಂತಿ ಸುತ್ತುವ ವೈಂಡಿಂಗಿನವರದು. ಕುದ್ರೋಳಿಯ ಇದೇ ಬೀದಿಯಲ್ಲಿ ಅವರು ಮೂವತ್ತು ವರ್ಷ ಫ್ಯಾನು, ಪಂಪು ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಅವರ ಅಂಗಿಯಿಂದ ಆ ವಾಸನೆ ಹೋಗಲೇ ಇಲ್ಲ...

ಅವರದೊಂದು ಕ್ರಮ ಇತ್ತು. ರಿಪೇರಿಯಾದ ಫ್ಯಾನನ್ನು ತೂಗುಹಾಕಿ, ಕೆಳಗೆ ಚಾಪೆ ಹಾಸಿ, ಕಣ್ಣು ಮುಚ್ಚಿ ಮಲಗುತ್ತಿದ್ದರು. ಹತ್ತು ನಿಮಿಷದಲ್ಲಿ ನಿದ್ದೆ ಬಂದರೆ ಫ್ಯಾನು ಪಾಸು. ಬಾರದಿದ್ದರೆ ಪುನಃ ಬಿಚ್ಚುವುದು. ಇದನ್ನು ಸೋಮಾರಿತನ ಎಂದು ಕರೆದ ಗಿರಾಕಿಗಳೂ ಇದ್ದರು. ಅವರ ಫ್ಯಾನುಗಳೂ ಸದ್ದಿಲ್ಲದೆ ತಿರುಗುತ್ತಿದ್ದವು.

ಅವರ ಹೆಂಡತಿ ನಮಗೆಲ್ಲ ಅಕ್ಕ. ಅಕ್ಕನಿಗೆ ಪಾರ್ಶ್ವವಾಯು ಬಡಿದ ವರ್ಷವೇ ಗದ್ದೆಯಾಚೆಯ ಮೈದಾನಕ್ಕೆ ಪ್ರವಾಸಿಗರ ಹೆಲಿಕಾಪ್ಟರ್ ಬರತೊಡಗಿತು. ಊಟದ ಮೇಲಿನ ಎರಡು ಗಂಟೆಯ ನಿದ್ದೆಯೇ ಅವರಿಗೆ ಮದ್ದು ಎಂದು ಡಾಕ್ಟರು ಹೇಳಿದ್ದರು. ಎರಡೂವರೆಗೆ ಟಪ್ ಟಪ್ ಟಪ್ ಶುರುವಾದರೆ ಅಕ್ಕ ಬೆಚ್ಚಿ ಏಳುವರು. ಮತ್ತೆ ಸಂಜೆಯವರೆಗೆ ಬಲಗೈಯ ನಡುಕ ನಿಲ್ಲದು. ವೈಂಡಿಂಗಿನವರು ಆ ಕೈಯನ್ನು ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದರು...

ನಾನು ನಿವೃತ್ತ ಕನ್ನಡ ಮಾಷ್ಟ್ರು. ಮನವಿ ಬರೆಯುವ ಹೊಣೆ ಸಹಜವಾಗಿಯೇ ನನ್ನ ಮೇಲೆ ಬಿತ್ತು. 'ಕರ್ಣಕಠೋರ' ಎಂಬ ಪದವನ್ನು ನಾಲ್ಕು ಸಲ ಬಳಸಿ ಮೂರು ಪುಟ ಬರೆದೆ. ಹೆಲಿಕಾಪ್ಟರ್ ಕಂಪನಿಯ ಮ್ಯಾನೇಜರು ಪೂರ್ತಿ ಓದಿದರು.

"ಭಾಷೆ ಒಳ್ಳೆದುಂಟು ಮಾಷ್ಟ್ರೇ. ಆದ್ರೆ ಸೌಂಡ್ ಎಷ್ಟು ಅಂತ ಎಲ್ಲಿ ಉಂಟು?"

ನನ್ನ ವ್ಯಾಕರಣದ ಆಯುಷ್ಯ ಅಲ್ಲಿಗೆ ಮುಗಿಯಿತು.

ವೈಂಡಿಂಗಿನವರು ಪರಿಚಯದವರ ಕಾಲೇಜಿನಿಂದ ಶಬ್ದ ಅಳೆಯುವ ಮೀಟರೊಂದನ್ನು ಎರವಲು ತಂದರು. ಗಾಳಿಯ ಸದ್ದು ಲೆಕ್ಕಕ್ಕೆ ಸೇರದಂತೆ ಅದರ ಬಾಯಿಗೆ ಹಳೆ ಕುರ್ಚಿಯ ಸ್ಪಂಜು ಕಟ್ಟಿ, ಅಕ್ಕನ ಕಿಟಕಿಯಲ್ಲಿ ಇಟ್ಟರು. ಮೀಟರು ಅಂಕಿ ತೋರಿಸುವುದಲ್ಲದೆ ಸದ್ದನ್ನು ರೆಕಾರ್ಡೂ ಮಾಡುತ್ತಿತ್ತು. ಒಂದು ವಾರ ಪಹರೆ ಕೂತು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡೆವು. ವಾರದ ಅತಿ ದೊಡ್ಡ ಅಂಕಿಗೆ ಕೆಂಪು ಗೆರೆ ಎಳೆದು, ಮಹಾಯುದ್ಧದ ಸಾಕ್ಷ್ಯವೆಂಬಂತೆ ಮ್ಯಾನೇಜರ ಮುಂದಿಟ್ಟೆವು. ಅವರು ಆ ದಿನದ ರೆಕಾರ್ಡನ್ನು ಹಾಕಿದರು. ಅದರಲ್ಲಿ ಕೇಳಿದ್ದು ನನ್ನದೇ ಗಂಟಲು: "ಬಂತು! ಬಂತು ಮಾರಾಯ್ರೇ!"

"ಇದು ನಮ್ಮ ಹೆಲಿಕಾಪ್ಟರ್ ಅಲ್ಲ," ಎಂದರು ಮ್ಯಾನೇಜರು.

ದಾರಿಯಲ್ಲಿ ವೈಂಡಿಂಗಿನವರು ಬೈಯಲಿಲ್ಲ. "ನಾಳೆಯಿಂದ ಎರಡೂವರೆಗೆ ನೀವು ಬಾಯಿ ತುಂಬ ಎಲೆಅಡಿಕೆ ಹಾಕಿ ಕೂತ್ಕೊಳ್ಳಿ ಮಾಷ್ಟ್ರೇ," ಎಂದರು. ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟೇ.

ಮರುದಿನ ಅವರು ಅಂಗಳದಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿ ಮಲಗಿದರು. ಹೆಲಿಕಾಪ್ಟರೂ ಅವರಿಗೆ ಒಂದು ಫ್ಯಾನೇ. "ರೆಕ್ಕೆಯ ತೂಕ ತಪ್ಪಿದೆ. ತುದಿಗೆ ಒಂದು ಬಿಲ್ಲೆ ಅಂಟಿಸಿದ್ರೆ ಆಯ್ತು," ಎಂದು ತೀರ್ಪು ಕೊಟ್ಟರು. ಮೂರನೆಯ ದಿನ ತಟಕ್ಕನೆ ಎದ್ದು ಕೂತರು.

"ತಪ್ಪಿದ್ದು ನಾನು! ಏರಿ ಹೋಗುವಾಗ ಬರೀ ಗುಂಯ್ ಅಂತದೆ. ಇಳಿಯುವಾಗ ಮಾತ್ರ ಟಪ್ ಟಪ್. ಫ್ಯಾನು ಹಾಳಾಗಿದ್ರೆ ಎರಡು ಸಲವೂ ಬೊಬ್ಬೆ ಹಾಕ್ಬೇಕಲ್ಲ?"

ನನ್ನ ಬಾಯಲ್ಲಿ ಎಲೆಅಡಿಕೆ ಇದ್ದುದರಿಂದ ತಲೆಯಾಡಿಸಿದೆ. ಪುಸ್ತಕದ ಅಂಕಿಗಳೂ ಅದನ್ನೇ ಹೇಳುತ್ತಿದ್ದವು.

ಈ ಸಲ ಅವರು ಮ್ಯಾನೇಜರ ಬಳಿಗೆ ಹೋಗಲಿಲ್ಲ. ಪೈಲಟನ್ನೇ ಚಹಾಕ್ಕೆ ಕರೆದರು. ಬಜಪೆಯ ಕಡೆಯ ಮನುಷ್ಯ, ಮಿತಭಾಷಿ. ಪುಸ್ತಕ ನೋಡಿ ಮುಗಿಸುವಷ್ಟರಲ್ಲಿ ಅವನ ಚಹಾ ತಣ್ಣಗಾಯಿತು.

"ಸರಿಯಾಗಿ ಹಿಡಿದಿದ್ದೀರಿ ಅಂಕಲ್. ರೆಕ್ಕೆಯ ತುದಿ ಗಾಳಿಯಲ್ಲಿ ಸುಳಿ ಬಿಡ್ತದೆ. ನಾವು ಓರೆಯಾಗಿ ಮೆಲ್ಲ ಇಳಿಯುವಾಗ ಆ ಸುಳಿ ದೂರ ಹೋಗುವುದಿಲ್ಲ. ಹಿಂದಿನಿಂದ ಬರುವ ರೆಕ್ಕೆ ಅದಕ್ಕೇ ಹೊಡೀತದೆ."

"ದೋಣಿಯಲ್ಲಿ ಮುಂದಿನವ ಎಬ್ಬಿಸಿದ ಸುಳಿಗೆ ಹಿಂದಿನವನ ಹುಟ್ಟು ಬಿದ್ದ ಹಾಗೆ," ಎಂದರು ವೈಂಡಿಂಗಿನವರು.

"ಅದೇ."

"ಹಾಗಾದ್ರೆ ಬೇರೆ ನಮೂನೆ ಇಳಿಯಬಹುದಲ್ಲ?"

ಪೈಲಟ್ ಒಳಕೋಣೆಯಲ್ಲಿ ಮಲಗಿದ್ದ ಅಕ್ಕನ ಕಡೆ ನೋಡಿದ. "ನೋಡುವ," ಎಂದ.

ಮೊದಲ ದಿನ ಹಳೆ ದಾರಿಯಲ್ಲೇ ಸ್ವಲ್ಪ ವೇಗವಾಗಿ ಬಂದ. ಅಕ್ಕ ಎದ್ದರು. ಎರಡನೆಯ ದಿನ ಮನೆಗಳನ್ನು ಬಿಟ್ಟು ಮೈದಾನದಾಚೆಯ ನದಿಯ ಮೇಲಿಂದ ಬಂದ. ಅಂಕಿ ಇಳಿಯಿತು, ಆದರೆ ಟಪ್ ಟಪ್ ಉಳಿಯಿತು, ಅಕ್ಕ ಎದ್ದರು. ಮೂರನೆಯ ದಿನ ನದಿಯ ಮೇಲೆ ಎತ್ತರದಲ್ಲೇ ಬಂದು, ಕೊನೆಗೆ ಕಡಿದಾಗಿ ಮೈದಾನಕ್ಕೆ ಇಳಿದ. ದೂರದಲ್ಲೊಂದು ಗುಂಯ್‌ಗುಡುವಿಕೆ, ಅಷ್ಟೇ. ಅಕ್ಕ ಏಳಲಿಲ್ಲ.

ಎಷ್ಟು ಹೊತ್ತಾದರೂ ಏಳದಿದ್ದಾಗ ನಮಗೇ ಹೆದರಿಕೆಯಾಯಿತು. ಇಬ್ಬರೂ ಒಳಗೆ ಓಡಿದೆವು. ಅಕ್ಕ ಗೊರಕೆ ಹೊಡೆಯುತ್ತಿದ್ದರು. ಬಲಗೈ ಹೊದಿಕೆಯ ಮೇಲೆ ನಿಶ್ಚಲವಾಗಿತ್ತು. ವೈಂಡಿಂಗಿನವರು ಬಾಗಿಲಲ್ಲೇ ನಿಂತು ಆ ಕೈಯನ್ನು ನೋಡಿದರು... ಮತ್ತೆ ಹೊರಗೆ ಬಂದು ಪುಸ್ತಕದಲ್ಲಿ ದೊಡ್ಡದಾಗಿ 'ಪಾಸು' ಎಂದು ಬರೆದರು.

ಆ ರೆಕಾರ್ಡನ್ನು ಮ್ಯಾನೇಜರಿಗೂ ಕೇಳಿಸಿದೆವು.

"ಇಲ್ಲಿ ದೊಡ್ಡ ಸೌಂಡ್ ಉಂಟಲ್ಲ, ಇದೆಂತದು?"

"ಇದು ನಿಮ್ಮ ಹೆಲಿಕಾಪ್ಟರ್ ಅಲ್ಲ," ಎಂದರು ವೈಂಡಿಂಗಿನವರು, ಪರಮ ಗಾಂಭೀರ್ಯದಿಂದ. "ನನ್ನ ಹೆಂಡತಿ."

ಮ್ಯಾನೇಜರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅದೇ ವಾರ ನದಿಯ ದಾರಿ ಎಲ್ಲ ಪೈಲಟ್‌ಗಳಿಗೂ ಕಾಯಂ ಆಯಿತು.

ವೈಂಡಿಂಗಿನವರು ಹೋಗಿ ಎರಡು ಮಳೆಗಾಲ ಕಳೆಯಿತು. ನಿನ್ನೆ ರಿಪೇರಿಗೆ ಕೊಟ್ಟ ಫ್ಯಾನು ಇವತ್ತು ಬೆಳಿಗ್ಗೆ ಬಂತು. ಅದು ಅಕ್ಕನ ಕೋಣೆಯದು. ತೂಗುಹಾಕಿಸಿ, ಕೆಳಗೆ ಚಾಪೆ ಹಾಸಿ ನಾನೇ ಮಲಗಿ ನೋಡಿದೆ. ಸದ್ದೇನೂ ಇರಲಿಲ್ಲ. ಆದರೂ ನನಗೆ ನಿದ್ದೆ ಬರಲಿಲ್ಲ. ಪಾಸು ಎನ್ನಲು ಅವರೇ ಬೇಕಿತ್ತು...

ಹೆಲಿಕಾಪ್ಟರ್ ಎರಡೂವರೆಗೆ ಬಂತು. ಅಕ್ಕ ನಾಲ್ಕು ಗಂಟೆಗೆ ಎದ್ದರು.